ಎರಡೂ ಕಾಲು ನೆಲ ಬಿಟ್ಟ ಫೋಟೋ

ನಮ್ಮ ಬೀದಿಯಲ್ಲಿ ಯಾರಿಗಾದರೂ ಗುರುತಿನ ಚೀಟಿ ಬೇಕಾದರೆ ಮೊದಲು ನನ್ನ ಅಂಗಡಿಗೆ ಬರುತ್ತಾರೆ, ಆಮೇಲೆ ಪಕ್ಕದ ಸ್ಟುಡಿಯೋಗೆ ಹೋಗುತ್ತಾರೆ. ನಾನು ದರ್ಜಿ. ಫೋಟೋಗೆಂದೇ ಹೊಲಿದ ಕಪ್ಪು ಕೋಟೊಂದು ನನ್ನಲ್ಲಿದೆ. ಅದಕ್ಕೆ ಎದುರು ಭಾಗ ಮಾತ್ರ, ಹಿಂದೆ ಎರಡು ದಾರ ಕಟ್ಟಿದರೆ ಮುಗಿಯಿತು. ಊರಿನ ಅರ್ಧ ಜನ ಸರಕಾರದ ಕಣ್ಣಿಗೆ ಕಂಡಿರುವುದು ಈ ಬೆನ್ನಿಲ್ಲದ ಕೋಟಿನಲ್ಲೇ.

ಸ್ಟುಡಿಯೋದವರ ಹೆಸರು ಬೋರ್ಡಿನ ಮೇಲೆ ಇತ್ತು, ಬಿಸಿಲಿಗೆ ಅಳಿಸಿಹೋಯಿತು. ಬೀದಿಯವರು ಅವರಿಗೆ ಇಟ್ಟ ಹೆಸರು ಮಾತ್ರ ಅಳಿಸಲಿಲ್ಲ. ಅಲ್ಲಾಡಬೇಡಿಯವರು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಅವರು ಹೇಳುತ್ತಿದ್ದದ್ದು ಮೂರೇ ಮಾತು: "ಗದ್ದ ಸ್ವಲ್ಪ ಕೆಳಗೆ. ಕಣ್ಣು ಇಲ್ಲಿ. ಅಲ್ಲಾಡಬೇಡಿ." ಮೂರನೆಯದನ್ನು ಎಂಥ ಗತ್ತಿನಿಂದ ಹೇಳುತ್ತಿದ್ದರೆಂದರೆ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವನೂ ಒಮ್ಮೆ ಬ್ರೇಕ್ ಹಿಡಿಯುತ್ತಿದ್ದ. ಅವರ ಇಡೀ ವೇದಾಂತವೂ ಅದರಲ್ಲೇ ಅಡಗಿತ್ತು. "ಮನುಷ್ಯ ಕೆಡೋದೇ ಅಲ್ಲಾಡಿದಾಗ, ಟೈಲರೇ," ಎಂದು ನನಗೆ ಎಷ್ಟೋ ಸಲ ಉಪದೇಶ ಮಾಡಿದ್ದರು. ನಾನು ಹೊಲಿಗೆ ಯಂತ್ರ ತುಳಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದೆ.

ಈ ಮಾತಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ಕೊಟ್ಟವನು ಅವರ ಭಾಮೈದ. ತಾಯಿಯಿಲ್ಲದ ಹುಡುಗ, ಅಕ್ಕನ ಮದುವೆಯಾದಾಗ ಅವಳ ಸೆರಗು ಹಿಡಿದುಕೊಂಡು ಈ ಮನೆಗೆ ಬಂದವನು. ಸ್ಟುಡಿಯೋದ ಹಿಂದಿನ ಕೋಣೆಯಲ್ಲೇ ಬೆಳೆದ. ಭಾವ ದೀಪಗಳನ್ನು ಸರಿಪಡಿಸುವಾಗಲೆಲ್ಲ ಸ್ಟೂಲಿನ ಮೇಲೆ ಕೂರುವ ಕೆಲಸ ಅವನದೇ. "ಅಲ್ಲಾಡಬೇಡ" ಎಂದರೆ ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡುತ್ತಿರಲಿಲ್ಲ. ಅಭ್ಯಾಸ ಎಲ್ಲಿಗೆ ಮುಟ್ಟಿತೆಂದರೆ, ಮುಂದೆ ಗಿರಾಕಿಗೆ ಹೇಳಿದ ಮಾತು ಕಿವಿಗೆ ಬಿದ್ದರೂ ಹಿಂದೆ ಅಡುಗೆಮನೆಯಲ್ಲಿ ಇವನು ಕಲ್ಲಾಗುತ್ತಿದ್ದ.

"ರೀ, ಬೇಗ ಕ್ಲಿಕ್ ಮಾಡ್ರೀ!" ಎಂದು ಒಳಗಿನಿಂದ ಅಕ್ಕ ಕೂಗುತ್ತಿದ್ದಳು. "ನನ್ನ ತಮ್ಮ ತುತ್ತು ಕೈಲಿ ಹಿಡ್ಕೊಂಡು ನಿಂತ್ಬಿಟ್ಟಿದಾನೆ. ಊಟ ಆರಿಹೋಗುತ್ತೆ!"

ಗಿರಾಕಿಗೆ ನಗು ಬರುತ್ತಿತ್ತು, ಫೋಟೋ ಕೆಡುತ್ತಿತ್ತು, ಮತ್ತೆ "ಅಲ್ಲಾಡಬೇಡಿ", ಮತ್ತೆ ಒಳಗೆ ತುತ್ತು ಅರ್ಧದಲ್ಲಿ.

ಹುಡುಗ ಬೆಳೆದು ನೀರು ಸರಬರಾಜು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಬೀದಿ ಬೀದಿಗೆ ಹೋಗಿ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ. ಮದುವೆ ಗಿದುವೆ ಎಂದರೆ ನಗುತ್ತಿದ್ದ. ಸಂಜೆಯಾದರೆ ವಾಲಿಬಾಲ್. ಆಳು ಕುಳ್ಳ, ಆದರೆ ನೆಟ್ಟಿನ ಹತ್ತಿರ ಹೋದನೆಂದರೆ ಎದುರಿಗಿದ್ದ ಉದ್ದನೆಯವರೆಲ್ಲ ಕತ್ತೆತ್ತಿ ಅವನ ಮೊಣಕಾಲು ನೋಡಬೇಕಾಗಿತ್ತು. ಅದಕ್ಕೇ ಅವನನ್ನು ಎಲ್ಲರೂ ಮಿಡತೆ ಎಂದು ಕರೆಯುತ್ತಿದ್ದರು. ಸ್ಟೂಲಿನ ಮೇಲೆ ಅಷ್ಟು ವರ್ಷ ಕೂತದ್ದರ ಬಾಕಿಯನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾನೆ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಒಂದು ದಿನ ಮೆಟ್ಟಿಲು ಹತ್ತುವಾಗ ಅವನಿಗೆ ಉಸಿರು ಕಟ್ಟಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿದರು, ಯಂತ್ರ ಇಟ್ಟು ನೋಡಿದರು, ಕೊನೆಗೆ ಹೃದಯದ ಕವಾಟ ಕೆಟ್ಟಿದೆ ಎಂದರು. ಮಿಡತೆ ಅದನ್ನೂ ನಗುತ್ತಲೇ ನಮಗೆ ಹೇಳಿದ. "ಊರಿನ ವಾಲ್ವೆಲ್ಲ ನಾನು ನೋಡ್ಕೋತೀನಿ, ನಂದು ಲೀಕ್ ಆಗ್ತಿರೋದು ನಂಗೇ ಗೊತ್ತಾಗ್ಲಿಲ್ಲ ನೋಡಿ." ಅಕ್ಕ ಎದ್ದು ಒಳಗೆ ಹೋದಳು. ಅವಳು ಪಾತ್ರೆ ತೊಳೆಯುವ ಸದ್ದು ಮಾತ್ರ ಬಹಳ ಹೊತ್ತು ಕೇಳಿಸಿತು.

ಆಪರೇಷನ್ ಆಗುವವರೆಗೆ ಹಾರುವಂತಿಲ್ಲ, ಆದ ಮೇಲಂತೂ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಕಚೇರಿಗಳ ನಡುವಿನ ಕೊನೆಯ ಪಂದ್ಯ ಒಂದು ಬಾಕಿ ಇದೆ, ಅದೊಂದು ಆಡಿಬಿಡುತ್ತೇನೆ ಎಂದು ಇವನು ಗೋಗರೆದ.

"ನಾನು ಹೂಂ ಅನ್ನಲ್ಲ," ಎಂದರು ಡಾಕ್ಟರು.

"ಊಹೂಂ ಅಂತಲೂ ಅನ್ಬೇಡಿ ಸಾರ್, ಸಾಕು," ಎಂದು ಕೈಮುಗಿದು ಬಂದ.

ಆ ಸಂಜೆ ಸ್ಟುಡಿಯೋದ ಕಟ್ಟೆಯ ಮೇಲೆ ನಾವು ಕೂತಿದ್ದೆವು. ಮಿಡತೆ ಮೆಲ್ಲಗೆ ವಿಷಯ ತೆಗೆದ.

"ಭಾವ, ನನ್ನ ಫೋಟೋ ನಿಮ್ಮ ಹತ್ರ ಎಷ್ಟಿರಬಹುದು?"

"ಡಬ್ಬಿ ತುಂಬ ಇದೆ. ಯಾಕೋ?"

"ಎಲ್ಲದ್ರಲ್ಲೂ ಸ್ಟೂಲ್ ಮೇಲೆ ಕೂತಿದೀನಿ. ಎರಡೂ ಕಾಲು ನೆಲ ಬಿಟ್ಟಿರೋದು ಒಂದು ಬೇಕು ಭಾವ. ಮುಂದೆ ಮೆಟ್ಟಿಲು ಹತ್ತೋಕೂ ಯಾರಾದ್ರೂ ಕೈ ಹಿಡೀಬೇಕಾಗುತ್ತೆ. ಆಗ ನಾನು ಹಾರ್ತಿದ್ದೆ ಅಂದ್ರೆ ಯಾರು ನಂಬ್ತಾರೆ? ನಾನೇ ನಂಬಲ್ಲ."

ಈ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ, ಅಪ್ಪಾ, ಓಡುವ ಹಾರುವ ಫೋಟೋ ನನಗೆ ಬರುವುದಿಲ್ಲ, ಬಲ್ಲವರನ್ನು ಕರೆಸೋಣ ಎನ್ನುತ್ತಿದ್ದರು. ಅಲ್ಲಾಡಬೇಡಿಯವರು ಕಾಲಿನ ಮೇಲೆ ಕಾಲು ಹಾಕಿಕೊಂಡರು.

"ಅದೇನು ಮಹಾ. ಕೂತೋನ್ನ ಹಿಡಿಯೋದೇ ಕಷ್ಟ ಕಣೋ. ಹಾರೋನು ತಾನಾಗೇ ಬಂದು ಬೀಳ್ತಾನೆ."

"ರೀ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ನೀವು ಇದುವರೆಗೂ ಅಲ್ಲಾಡೋ ಯಾವ ವಸ್ತು ಫೋಟೋ ತೆಗೆದಿದೀರಿ?"

ಅವರು ಯೋಚಿಸಿದರು. "ಫ್ಯಾನು."

"ಅವತ್ತು ಕರೆಂಟ್ ಇರ್ಲಿಲ್ಲ."

ಮಿಡತೆ ಬಿದ್ದು ಬಿದ್ದು ನಕ್ಕ. ಹಾಗೆ ನಕ್ಕರೂ ಅವನಿಗೆ ಏದುಸಿರು ಬರುತ್ತಿತ್ತು.

ಪಂದ್ಯ ನಡೆದದ್ದು ಹಳೆಯ ಒಳಾಂಗಣ ಕ್ರೀಡಾಂಗಣದಲ್ಲಿ. ಚಾವಣಿ ಎತ್ತರ, ದೀಪ ಕೆಲವೇ ಕೆಲವು. ಇದ್ದವೂ ಬೆಳಕು ಕೊಡುವುದಕ್ಕಲ್ಲ, ತಾವು ಇನ್ನೂ ಸತ್ತಿಲ್ಲವೆಂದು ತೋರಿಸಿಕೊಳ್ಳುವುದಕ್ಕೆ ಉರಿಯುತ್ತಿದ್ದವು. ಒಂದು ದೀಪದ ಮೇಲೆ ಪಾರಿವಾಳ ಗೂಡು ಕಟ್ಟಿತ್ತು. ನೀರಿನ ಕಚೇರಿಯ ಎದುರಾಳಿ ಯಾರೆಂದರೆ ವಿದ್ಯುತ್ ಕಚೇರಿ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಅಲ್ಲಾಡಬೇಡಿಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊದಲ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ಕೂತರು. ಮೊದಲ ಹಾರುವಿಕೆಗೇ ಫ್ಲ್ಯಾಶ್ ಹೊಡೆದರು. ಕಣ್ಣು ಕೋರೈಸಿ ವಿದ್ಯುತ್ ಕಚೇರಿಯವನೊಬ್ಬ ಚೆಂಡಿನ ಬದಲು ತನ್ನವನ ಬೆನ್ನಿಗೇ ಗುದ್ದಿದ. ರೆಫ್ರಿ ಸೀಟಿ ಊದಿ ಆಟ ನಿಲ್ಲಿಸಿದ.

"ಯಾರ್ರೀ ಅದು ಮಿಂಚು ಬಿಡ್ತಿರೋದು? ಇನ್ನೊಂದ್ಸಲ ಬಿಟ್ರೆ ಕ್ಯಾಮೆರಾ ಸಮೇತ ಹೊರಗೆ!"

ಫ್ಲ್ಯಾಶ್ ಚೀಲ ಸೇರಿತು. ಆಮೇಲೆ ಶುರುವಾಯಿತು ಫಜೀತಿ. ಬೆಳಕು ಕಡಿಮೆ ಇದ್ದ ಕಡೆ ಕ್ಯಾಮೆರಾ ಕಣ್ಣು ಹೆಚ್ಚು ಹೊತ್ತು ತೆರೆದುಕೊಂಡಿರಬೇಕಂತೆ. ಅದು ತೆರೆದು ಮುಚ್ಚುವಷ್ಟರಲ್ಲಿ ಹಾರಿದವನು ಇಳಿದು ಬೆವರು ಒರೆಸಿಕೊಂಡು ಆಗಿರುತ್ತಿತ್ತು. ಅವರು ಹಿಂದಿನ ಪುಟ್ಟ ಪರದೆಯನ್ನು ನನ್ನ ಮುಂದೆ ಹಿಡಿದರು. ನೋಡಿದರೆ ಬರೀ ಹೊಗೆ.

"ಯಾರು ಇದು?"

"ನಮ್ಮ ಮಿಡತೆ."

"ತಲೆ ಎಲ್ಲಿ?"

"ಇಲ್ಲಿಂದ," ಎಂದು ಬೆರಳು ಎಳೆದರು, "ಇಲ್ಲೀವರೆಗೂ."

ಆಟ ಮುಂದುವರಿದಂತೆ ಅವರ ಬೆವರೂ ಹೆಚ್ಚಿತು. ಮಿಡತೆ ಅವತ್ತು ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಹಾರುವಂತಿಲ್ಲ ಎಂದು ತಿಳಿದವನು ಹಾರುವ ಹಾಗೆ ಹಾರಿದ. ಪ್ರತಿ ಸಲ ಇಳಿದ ಮೇಲೆ ಭಾವನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ, ಬಂತಾ ಎಂಬಂತೆ. ಭಾವ ಪ್ರತಿ ಸಲ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು, ಕ್ಯಾಮೆರಾದಲ್ಲಿ ಹೊಗೆ.

ಆಟ ಕೊನೆಗೆ ಬಂತು. ವಿದ್ಯುತ್ ಕಚೇರಿಗೆ ಒಂದೇ ಪಾಯಿಂಟ್ ಬಾಕಿ. ನೀರಿನವರು ಚೆಂಡನ್ನು ನೆಟ್ಟಿನ ಮೇಲೆ ಎತ್ತಿ ಕೊಟ್ಟರು. ಮಿಡತೆ ಓಡಿ ಬಂದು ಮಂಡಿ ಬಗ್ಗಿಸಿದ. ಇಡೀ ಒಳಾಂಗಣ ಎದ್ದು ನಿಂತು ಕಿರುಚುತ್ತಿತ್ತು. ಇದೇ ಕೊನೆಯ ಅವಕಾಶ ಎಂಬುದು ಅಲ್ಲಾಡಬೇಡಿಯವರಿಗೂ ಹೊಳೆಯಿತು. ಗಾಬರಿಯಲ್ಲಿ ಮನುಷ್ಯನಿಗೆ ನೆನಪಾಗುವುದು ಜೀವಮಾನವೆಲ್ಲ ಆಡಿದ ಮಾತೇ ಅಲ್ಲವೇ? ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿ ಗಂಟಲು ಹರಿಯುವ ಹಾಗೆ ಕೂಗಿದರು:

"ಅಲ್ಲಾಡಬೇಡಾ!"

ಆ ಗದ್ದಲದಲ್ಲಿ ಅದು ಕೇಳಿಸಿದ್ದು ಪಕ್ಕದಲ್ಲಿದ್ದ ನನಗೆ ಮತ್ತು ಅದನ್ನೇ ಕೇಳಿ ಬೆಳೆದ ಇನ್ನೊಬ್ಬನಿಗೆ. ಬಗ್ಗಿದ್ದ ಮಂಡಿ ನೇರವಾಯಿತು. ಕೈ ಎರಡೂ ಪಕ್ಕಕ್ಕೆ ಬಂದವು. ಚೆಂಡು ಅವನ ಕಿವಿಯನ್ನು ಸವರಿಕೊಂಡು ಇಳಿದು ಕಾಲ ಬಳಿ ಬಿತ್ತು.

"ಬಂತು!" ಎಂದು ಕುಣಿದಾಡಿದರು ನಮ್ಮವರು. "ಟೈಲರೇ, ಬಂತು ನೋಡಿ!"

ನೋಡಿದೆ. ನೆಟ್ಟು ಹೊಗೆ, ಆಟಗಾರರು ಹೊಗೆ, ರೆಫ್ರಿಯ ಕೈ ಹೊಗೆ. ನಟ್ಟ ನಡುವೆ ಮಿಡತೆ ಮಾತ್ರ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಗದ್ದ ಸ್ವಲ್ಪ ಕೆಳಗೆ, ಕಣ್ಣು ಕ್ಯಾಮೆರಾ ಕಡೆಗೆ, ಎರಡೂ ಕಾಲು ನೆಲದ ಮೇಲೆ. ಸುತ್ತ ಕತ್ತರಿಸಿದರೆ ಯಾವ ಅರ್ಜಿಗೆ ಬೇಕಾದರೂ ಅಂಟಿಸಬಹುದಾಗಿತ್ತು. ನನ್ನ ಕೋಟು ಒಂದು ಕಡಿಮೆ, ಅಷ್ಟೇ.

ಅತ್ತ ಮಿಡತೆಯನ್ನು ಅವನ ತಂಡದವರೇ ಸುತ್ತುವರಿದಿದ್ದರು. "ಏನಾಯ್ತೋ ನಿಂಗೆ? ಯಾಕೋ ಕಂಬದ ಹಾಗೆ ನಿಂತ್ಬಿಟ್ಟೆ?" ನೀರಿನ ಕಚೇರಿಯ ಸಾಹೇಬರೂ ದಪ್ಪ ಕನ್ನಡಕ ಸರಿಮಾಡಿಕೊಂಡು ಬಂದರು. "ಹೇಳಪ್ಪಾ, ಏನಾಯ್ತು?"

ಮಿಡತೆ ಒಮ್ಮೆ ಭಾವನ ಕಡೆ ನೋಡಿದ. ಅವರು ಆಗಷ್ಟೇ ತಾವು ಮಾಡಿದ ಘನಕಾರ್ಯ ಅರ್ಥವಾಗಿ ಬಾಯಿ ತೆರೆದುಕೊಂಡು ನಿಂತಿದ್ದರು.

"ಬೆಳಕು ಸಾಲ್ಲಿಲ್ಲ ಸಾರ್," ಎಂದ ಮಿಡತೆ. "ಚೆಂಡು ಕಾಣ್ಲಿಲ್ಲ."

ಪಾಪ, ಭಾವನ ಮಾನ ಉಳಿಸಲು ಆಡಿದ ಮಾತು. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ಊರಿನಲ್ಲಿ ಬರ? ನೀರಿನ ಸಾಹೇಬರ ಕನ್ನಡಕ ಹೊಳೆಯಿತು.

"ಬೆಳಕು ಸಾಲ್ಲಿಲ್ವಾ? ಬೆಳಕು ಯಾರ ಕೆಲಸ? ಎದುರು ತಂಡದವರದ್ದಲ್ವಾ?"

ಬಹುಮಾನದ ಬಟ್ಟಲು ಎತ್ತಿ ಹಿಡಿದಿದ್ದ ವಿದ್ಯುತ್ ಕಚೇರಿಯ ಸಾಹೇಬರು ಅದನ್ನು ಕೆಳಗಿಟ್ಟರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

"ನಾವು ನೆಲದ ಮಾತಾಡ್ತಿಲ್ಲ ಸ್ವಾಮಿ, ಚಾವಣಿ ಮಾತಾಡ್ತಿದೀವಿ!"

ಮರುದಿನ ವಿದ್ಯುತ್ ಕಚೇರಿಯ ನಲ್ಲಿಗಳು ಒಣಗಿದವು. ಕೇಳಿದರೆ ರಿಪೇರಿ. ಮಧ್ಯಾಹ್ನ ನೀರಿನ ಕಚೇರಿಯ ಫ್ಯಾನುಗಳು ನಿಂತವು. ಅದೂ ರಿಪೇರಿ. ಆಮೇಲೆ ಪಂಪಿಗೆ ಕರೆಂಟು ಬರಲಿಲ್ಲ, ಇಡೀ ಊರಿಗೇ ನೀರು ಬರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ನಮ್ಮ ಬೀದಿಯ ಕ್ಷೌರದವನು ಗಿರಾಕಿಯ ಒಂದು ಕೆನ್ನೆ ಬೋಳಿಸಿದಾಗ ನೀರು ಮುಗಿಯಿತು. ಆ ಗಿರಾಕಿ ನೊರೆ ಒಣಗಿದ ಇನ್ನೊಂದು ಕೆನ್ನೆಯೊಂದಿಗೇ ಫೋಟೋಗೆ ಬಂದ. "ಒಂದು ಕಡೆಯಿಂದ ತೆಗೀರಿ" ಎಂದು ಅವನ ಬೇಡಿಕೆ. ಬೀದಿಯ ಹೆಂಗಸರು ಬಿಂದಿಗೆ ಸಾಲಾಗಿ ಇಟ್ಟು ಮಿಡತೆಗೆ ಶಾಪ ಹಾಕಿದರು. ವಾಲ್ವ್ ಮುಚ್ಚುವ ಹುಕುಂ ಬಂದದ್ದೂ ಅವನಿಗೇ ಅಲ್ಲವೇ? ಅವನು ಹಗಲು ಮುಚ್ಚಿ, ಬೆಳಗಿನ ಜಾವ ಯಾರಿಗೂ ಕಾಣದಂತೆ ಟ್ಯಾಂಕಿನಲ್ಲಿ ಉಳಿದಿದ್ದ ನೀರನ್ನು ಸ್ವಲ್ಪ ಸ್ವಲ್ಪ ಬಿಡುತ್ತಿದ್ದ.

"ಒಂದು ಮಾತು ಆಡಿದ್ದಕ್ಕೆ ಊರಿಗೇ ಬಾಯಾರಿಕೆ ಆಯ್ತಲ್ಲ ಭಾವ," ಎಂದು ನಗುತ್ತಿದ್ದ. ತಂಡದವರು ಅವನನ್ನು ಈಗ ಮಿಡತೆ ಎನ್ನುತ್ತಿರಲಿಲ್ಲ, ಮೈಲಿಗಲ್ಲು ಎನ್ನುತ್ತಿದ್ದರು. ಅದನ್ನು ಹೇಳುವಾಗ ಮಾತ್ರ ಅವನು ನಗಲಿಲ್ಲ.

ಅಲ್ಲಾಡಬೇಡಿಯವರು ಒಂದು ಸಂಜೆ ಧೈರ್ಯ ಮಾಡಿದರು. "ಲೋ, ಅವತ್ತು ನಾನು ಕೂಗಿದ್ದು..."

"ಯಾವತ್ತು ಭಾವ? ನಂಗೇನೂ ಕೇಳಿಸ್ಲಿಲ್ಲ. ಬೆಳಕು ಸಾಲ್ಲಿಲ್ಲ, ಅಷ್ಟೇ."

ಎರಡೂ ಕಚೇರಿಗಳ ಮೇಲಿನ ದೊಡ್ಡ ಸಾಹೇಬರು ಕೊನೆಗೆ ವಿಚಾರಣೆಗೆ ಕೂತರು. ಅವರ ಮನೆಯ ನಲ್ಲಿಯೂ ಒಣಗಿದ ಮೇಲೆ, ಎಂಬುದನ್ನು ಹೇಳಬೇಕಾಗಿಲ್ಲ. ಒಳಾಂಗಣದಲ್ಲೇ ಮೇಜು ಹಾಕಿಸಿ, ಪಂದ್ಯದ ದಿನ ಬೆಳಕು ಹೇಗಿತ್ತೆಂಬುದಕ್ಕೆ ಸಾಕ್ಷಿ ಕೇಳಿದರು. ಸಾಕ್ಷಿ ಇದ್ದದ್ದು ಒಬ್ಬರ ಬಳಿ. ಹೀಗೆ ನಮ್ಮ ಅಲ್ಲಾಡಬೇಡಿಯವರ ಹೊಗೆ ಫೋಟೋಗಳೆಲ್ಲ ಸರಕಾರಿ ಮೇಜು ಹತ್ತಿದವು. ದೊಡ್ಡ ಸಾಹೇಬರು ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಇದು ಆಟಗಾರನೋ, ಪರದೆಯೋ?"

"ಆಟಗಾರ ಸಾರ್."

"ಭಯಂಕರ ಕತ್ತಲೆ. ಇಂಥ ಕತ್ತಲಲ್ಲಿ ಮನುಷ್ಯರು ಆಡ್ತಿದ್ರಾ?"

ನೀರಿನ ಸಾಹೇಬರು ಎದೆಯುಬ್ಬಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತನ್ನ ಫೋಟೋ ಒಂದೊಂದನ್ನೂ ಭಯಂಕರ ಎನ್ನುವುದನ್ನು ಕೇಳಿ ಸುಮ್ಮನಿರಲು ಕಸುಬಿನವನಿಗೆ ಸಾಧ್ಯವೇ? ಅಲ್ಲಾಡಬೇಡಿಯವರು ಜೇಬಿನಿಂದ ಆ ಕೊನೆಯ ಫೋಟೋ ತೆಗೆದು ಎಲ್ಲದರ ಮೇಲಿಟ್ಟರು. ನಾನು ಕಾಲು ತುಳಿದೆ. ತುಳಿದದ್ದು ವಿದ್ಯುತ್ ಸಾಹೇಬರ ಕಾಲು.

ಅವರು ಬಗ್ಗಿ ಫೋಟೋ ನೋಡಿದರು. "ಓಹೋ! ಇದು ಇಷ್ಟು ಸ್ಪಷ್ಟ ಇದೆಯಲ್ಲ! ಅಂದ್ರೆ ಬೆಳಕು ಇತ್ತು ಅಂತಾಯ್ತು!"

ಅಲ್ಲಾಡಬೇಡಿಯವರ ಮುಖ ಸುಣ್ಣವಾಯಿತು. ಮಿಡತೆ ಎದ್ದು ನಿಂತ.

"ಬೆಳಕು ಇರ್ಲಿಲ್ಲ ಸಾರ್. ನಮ್ಮ ಭಾವನ ಕೈ ಅಂಥದ್ದು. ಕತ್ತಲಲ್ಲೂ ಮುಖ ಹಿಡೀತಾರೆ."

"ಅದ್ಸರಿ, ನೀನು ಯಾಕೆ ಹಿಂಗೆ ನಿಂತಿದೀಯ? ಚೆಂಡು ನಿನ್ನ ಕಿವಿ ಹತ್ರಾನೇ ಇದೆ!"

"ಕಿವಿಗೆ ಕಣ್ಣಿಲ್ವಲ್ಲ ಸಾರ್."

ದೊಡ್ಡ ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ವಿದ್ಯುತ್ ಕಚೇರಿಯವರು ಒಳಾಂಗಣಕ್ಕೆ ಹೊಸ ದೀಪ ಹಾಕಿಸಬೇಕು, ನೀರಿನ ಕಚೇರಿಯವರು ನೆಲ ತೊಳೆಸಬೇಕು, ಪಂದ್ಯ ಮತ್ತೆ ಆಡಬೇಕು ಎಂದು ತೀರ್ಪಾಯಿತು. ಅಂದು ಸಂಜೆ ನಲ್ಲಿಗಳಲ್ಲಿ ನೀರು ಬಂತು. ಕ್ಷೌರದವನು ಇನ್ನೊಂದು ಕೆನ್ನೆ ಮುಗಿಸಿದ.

ಮರುಪಂದ್ಯ ಎಂದದ್ದೇ ಅಕ್ಕ ಸಿಡಿದಳು. "ಒಂದೇ ಮ್ಯಾಚ್ ಅಂದೆ. ಈಗ ಇನ್ನೊಂದು. ಫೋಟೋ ದೊಡ್ಡದೋ, ಜೀವ ದೊಡ್ಡದೋ?"

"ಮ್ಯಾಚ್ ಆಡಲ್ಲ ಅಕ್ಕ. ಒಂದೇ ಒಂದ್ಸಲ ಹಾರಿ ಆಚೆ ಬಂದ್ಬಿಡ್ತೀನಿ. ಮೈಲಿಗಲ್ಲು ಅಂತಾರೆ ನನ್ನ."

ಅವಳು ಗಂಡನ ಕಡೆ ತಿರುಗಿದಳು. "ಕೇಳಿದ್ರಲ್ಲ? ಒಂದೇ ಸಲ. ನೀವು ಈ ಸಲ ತಪ್ಪಿಸ್ಬೇಡಿ." ಅವಳಿಗೆ ಎಲ್ಲವೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಅಲ್ಲಾಡಬೇಡಿಯವರು ಜಂಬ ಬಿಟ್ಟು ಪತ್ರಿಕಾ ಕಚೇರಿಯ ಫೋಟೋದವನನ್ನು ಹುಡುಕಿಕೊಂಡು ಹೋದರು. ಆಟೋಟಗಳ ಫೋಟೋ ತೆಗೆದೇ ತಲೆ ನೆರೆಸಿಕೊಂಡಿದ್ದ ಆ ಮನುಷ್ಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

"ಮೇಲೆ ಹೋಗ್ತಾ ಅಲ್ಲಾಡ್ತಾನೆ, ಕೆಳಗೆ ಬರ್ತಾ ಅಲ್ಲಾಡ್ತಾನೆ. ತುತ್ತತುದೀಲಿ ಒಂಚೂರು ನಿಲ್ತಾನೆ, ಸ್ವಾಮಿ. ಯಾರೇ ಹಾರಿದ್ರೂ ಅಲ್ಲಿ ಒಂಚೂರು ನಿಲ್ಲಲೇಬೇಕು. ಬೆಳಕು ಕಮ್ಮಿ ಇದ್ದಾಗ ಕಾಯಬೇಕಾದ್ದು ಅದಕ್ಕೇ. ಅವನಿಗೆ ಏನೂ ಹೇಳಬೇಡಿ. ಸುಮ್ಮನೆ ಒತ್ತಿ."

ವಿದ್ಯುತ್ ಕಚೇರಿಯ ಹೊಸ ದೀಪಗಳನ್ನು ನಂಬಿ ಕೂರುವಂತಿರಲಿಲ್ಲ, ಕತ್ತಲಲ್ಲೇ ಕಲಿಯಬೇಕಿತ್ತು. ಅಭ್ಯಾಸಕ್ಕೆ ಹಾರುವವರು ಬೇಕಲ್ಲ! ಮಿಡತೆ ಹಾರುವಂತಿಲ್ಲ. ಹೆಂಡತಿ ಒಲ್ಲೆ ಎಂದಳು. ಉಳಿದವನು ನಾನು. ಈ ವಯಸ್ಸಿನಲ್ಲಿ, ಬೆನ್ನಿಲ್ಲದ ಕೋಟು ತೊಟ್ಟು, ನನ್ನ ಅಂಗಡಿಯ ಮೆಟ್ಟಿಲಿನಿಂದ ಸಂಜೆಗತ್ತಲಲ್ಲಿ ನಾನು ಹಾರುತ್ತಿದ್ದೆ. ಕೋಟು ಯಾಕೆಂದರೆ ಕಪ್ಪು ಬಣ್ಣ ಕತ್ತಲಲ್ಲಿ ಹಿಡಿಯುವುದು ಕಷ್ಟ, ಕಷ್ಟದ್ದರಿಂದಲೇ ಕಲಿಯಬೇಕು ಎಂದು ಅವರ ವಾದ. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತು.

"ದರ್ಜಿಗೆ ಏನಾಯ್ತು ಪಾಪ, ಚೆನ್ನಾಗೇ ಇದ್ದರಲ್ಲ," ಎಂದರು ಎದುರು ಮನೆಯ ಅಜ್ಜಿ.

"ಸಾಲಗಾರರು ಬಂದಾಗ ಓಡೋಕೆ ಅಭ್ಯಾಸ ಇರಬೇಕು," ಎಂದ ಕ್ಷೌರದವನು.

ಎಷ್ಟೋ ಸಂಜೆ ಹೊಗೆಯಾದೆ. ಕೊನೆಗೊಂದು ಸಂಜೆ ಅಲ್ಲಾಡಬೇಡಿಯವರು ಪರದೆಯನ್ನು ಎರಡೆರಡು ಸಲ ನೋಡಿದರು. ಕ್ಯಾಮೆರಾವನ್ನು ಮಿಡತೆಯ ಕೈಗೆ ಕೊಟ್ಟರು. ನಾನು ಗಾಳಿಯಲ್ಲಿದ್ದೆ. ಬಾಯಿ ತೆರೆದಿತ್ತು, ಕೋಟಿನ ದಾರಗಳು ಮೇಲಕ್ಕೆ ಹಾರಿದ್ದವು, ಎರಡೂ ಕಾಲು ನೆಲ ಬಿಟ್ಟಿದ್ದವು. ಒಂದೊಂದು ಗುಂಡಿಯೂ ಸ್ಪಷ್ಟವಾಗಿತ್ತು. ಮಿಡತೆ ಅದನ್ನು ಬಹಳ ಹೊತ್ತು ನೋಡಿದ.

"ಟೈಲರ್ ಮಾವ ನಿಂತಿದಾರೆ ಭಾವ. ಗಾಳೀಲಿ ನಿಂತಿದಾರೆ."

"ನಾಳೆ ನೀನು," ಎಂದರು ಭಾವ.

"ನೀವು ಏನೂ ಹೇಳೋದು ಬೇಡ. ಮೇಲೆ ಹೋಗಿ ನಾನೇ ನಿಂತ್ಕೋತೀನಿ."

ಮರುಪಂದ್ಯದ ದಿನ ಬೆಳಗ್ಗೆ ಅಕ್ಕ ಅವನನ್ನು ಎಬ್ಬಿಸಲು ಹೋದಳು. ಆಟದ ಅಂಗಿಯನ್ನು ಇಸ್ತ್ರಿ ಮಾಡಿ ತಲೆದೆಸೆಯಲ್ಲಿ ಇಟ್ಟುಕೊಂಡು ಮಲಗಿದ್ದ. ಏಳೋ ಎಂದಳು, ಹೊದಿಕೆ ಎಳೆದಳು, ಹೊತ್ತಾಯ್ತು ಎಂದು ಬೈದಳು. ಆಮೇಲೆ ಮುಂದಿನ ಕೋಣೆಗೆ ಬಂದು ಬಾಗಿಲು ಹಿಡಿದುಕೊಂಡು ನಿಂತಳು. ನಾನು ಅಲ್ಲೇ ಇದ್ದೆ, ಹರಿದ ಕೋಟಿನ ದಾರ ತೋರಿಸಲು ಬಂದಿದ್ದೆ. ಅವಳು ಗಂಡನನ್ನು ಕೇಳಿದ ಮಾತು ನನಗೆ ಈಗಲೂ ಕೇಳಿಸುತ್ತದೆ.

"ರೀ, ಅವನಿಗೆ ನೀವೇನಾದ್ರೂ ಹೇಳಿದ್ರಾ? ಅಲ್ಲಾಡ್ತಾನೇ ಇಲ್ಲ."

ಹಾರಿದ್ದಕ್ಕೆ ಹೋದ ಎಂದು ಬೈಯುವುದಕ್ಕೂ ಅವನು ಯಾರಿಗೂ ಅವಕಾಶ ಕೊಡಲಿಲ್ಲ. ಮಲಗಿದಲ್ಲೇ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಸ್ಟುಡಿಯೋದ ಹಿಂದಿನ ಕೋಣೆ ಬಂದ ಜನಕ್ಕೆ ಸಾಲಲಿಲ್ಲ. ಎರಡೂ ಕಚೇರಿಯ ಸಾಹೇಬರು ಮಾತಾಡಿಕೊಂಡು ಅವನನ್ನು ಒಳಾಂಗಣಕ್ಕೆ ಕರೆತರೋಣ ಎಂದರು. ನೆಲ ತೊಳೆದು ಹೊಳೆಯುತ್ತಿತ್ತು. ನೆಟ್ಟು ಕಟ್ಟಿಯೇ ಇತ್ತು, ಅದರ ಕೆಳಗೆ ಮಲಗಿಸಿದರು. ಎರಡೂ ತಂಡದವರು ಪಂದ್ಯಕ್ಕೆಂದು ತೊಟ್ಟ ಅಂಗಿಯಲ್ಲೇ ಬಂದಿದ್ದರು. ವಿದ್ಯುತ್ ಸಾಹೇಬರು ತಾವೇ ಹೋಗಿ ಸ್ವಿಚ್ಚುಗಳನ್ನೆಲ್ಲ ಹಾಕಿದರು. ಚಾವಣಿಯ ತುಂಬ ಹೊಸ ದೀಪಗಳು ಹತ್ತಿಕೊಂಡವು. ಅಂಥ ಬೆಳಕನ್ನು ನಾನು ಯಾವ ಕಟ್ಟಡದೊಳಗೂ ಕಂಡಿರಲಿಲ್ಲ.

"ಈಗ ಸಾಕೇನಪ್ಪಾ?" ಎಂದು ಕೇಳಿದರು ಅವರು, ಮಲಗಿದವನ ಬಳಿ ಬಂದು. ನೀರಿನ ಸಾಹೇಬರು ಕನ್ನಡಕ ತೆಗೆದು ಅತ್ತರು. ಅವನನ್ನು ಮೈಲಿಗಲ್ಲು ಎಂದವರೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಬೆಳಕೂ ಹಾಗೆಯೇ ಬಂತು.

ಅಕ್ಕ ಅತ್ತು ಅತ್ತು ಸುಸ್ತಾಗಿದ್ದಳು. ಕಣ್ಣು ಒರೆಸಿಕೊಂಡು ಗಂಡನ ಕಡೆ ನೋಡಿದಳು.

"ಒಂದು ತೆಗೀರಿ. ಎಲ್ಲರೂ ಇದಾರೆ. ಅವನ ಜೊತೆ ಒಂದು ಇರ್ಲಿ."

ಅಲ್ಲಾಡಬೇಡಿಯವರ ಹೆಗಲಿಗೆ ಕ್ಯಾಮೆರಾ ಬೆಳಗಿನಿಂದ ನೇತಾಡುತ್ತಲೇ ಇತ್ತು, ಪಂದ್ಯಕ್ಕೆಂದು ಹಾಕಿಕೊಂಡದ್ದನ್ನು ತೆಗೆದಿಡಲು ಅವರಿಗೆ ನೆನಪಾಗಿರಲಿಲ್ಲ. ನಾವೆಲ್ಲ ಅವನ ಸುತ್ತ ನಿಂತೆವು. ಎಲ್ಲರೂ ಒಂದಲ್ಲ ಒಂದು ದಿನ ಆ ಸ್ಟೂಲಿನ ಮೇಲೆ ಕೂತವರೇ. ಯಾರೂ ಹೇಳದೆ ಎಲ್ಲರ ಗದ್ದವೂ ಸ್ವಲ್ಪ ಕೆಳಗಾಯಿತು, ಕಣ್ಣು ಕ್ಯಾಮೆರಾ ಕಡೆ ಹೋಯಿತು. ಮೂರನೆಯ ಮಾತಿಗೆ ಕಾದೆವು. ಅಕ್ಕನ ಹೆಗಲು ಅಲುಗುತ್ತಲೇ ಇತ್ತು. ಆ ಬೆಳಕಿನಲ್ಲಿ ಯಾರು ಎಷ್ಟು ಅಲುಗಿದರೂ ಫೋಟೋ ಕೆಡುತ್ತಿರಲಿಲ್ಲ.

ಮಾತು ಬರಲಿಲ್ಲ. ಅವರು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನಿಂತರು.

"ಹೇಳಪ್ಪಾ," ಎಂದರು ಎದುರು ಮನೆಯ ಅಜ್ಜಿ. "ನೀನು ಹೇಳ್ದೆ ಇದ್ರೆ ನಮ್ಗೆ ಗೊತ್ತಾಗಲ್ಲ."

ಅವರು ಕ್ಯಾಮೆರಾ ಕೆಳಗಿಳಿಸಿದರು. ನಮ್ಮ ಯಾರ ಕಡೆಗೂ ನೋಡಲಿಲ್ಲ. ನೆಟ್ಟಿನ ಕೆಳಗೆ ಮಂಡಿಯೂರಿ ಕೂತು, ಸ್ಟೂಲಿನ ಮೇಲಿನ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು:

"ಅಲ್ಲಾಡೋ. ಒಂದೇ ಒಂದ್ಸಲ ಅಲ್ಲಾಡೋ. ಬೆಳಕು ಚೆನ್ನಾಗಿದೆ."

ಭಾವನ ಮಾತನ್ನು ಒಂದು ದಿನವೂ ಮೀರದಿದ್ದವನು, ಅಂದು ಕೇಳಲಿಲ್ಲ.